‘ನಾನು’ ಎಂಬ ಸಂಘ

ಮಂತ್ರಿಗಳಿಗೆ ಆಪ್ತಸಹಾಯಕರಿರುತ್ತಾರೆ. ಭೇಟಿಯ ವೇಳೆಯನ್ನು ಗೊತ್ತುಮಾಡುವುದು, ಕಾಗದಪತ್ರಗಳನ್ನು ಮುಂದಿಡುವುದು, ಮರೆತದ್ದನ್ನು ನೆನಪಿಸುವುದು ಅವರ ಕೆಲಸ. ಇದರಿಂದ ಮಂತ್ರಿಗಳು ಪರಾಧೀನರೆಂದು ಯಾರೂ ಮರುಗುವುದಿಲ್ಲ. ಆದರೆ ಉಣ್ಣಲು, ಉಡಲು, ಮಗ್ಗುಲು ಹೊರಳಲು ಮತ್ತೊಬ್ಬರ ಕೈಯನ್ನು ಬಯಸುವವನನ್ನು ಕಂಡೊಡನೆ ‘ಅಯ್ಯೋ ಪಾಪ’ ಎಂದುಬಿಡುತ್ತೇವೆ. ಇಬ್ಬರಿಗೂ ಬೇಕಾದುದು ಸಹಾಯವೇ. ಸಹಾಯಕನನ್ನು ಆರಿಸುವವರು ಯಾರು, ಅವನಿಗೆ ಅಪ್ಪಣೆ ಕೊಡುವವರು ಯಾರು ಎಂಬಲ್ಲಿದೆ ಭೇದ.

ಈ ಭೇದವನ್ನು ಚೆನ್ನಾಗಿ ಅರಿತವರಲ್ಲಿ ಆಡಾಲ್ಫ್ ರಾಟ್ಸ್ಕ ಒಬ್ಬರು. ಜರ್ಮನಿಯಲ್ಲಿ ಹದಿಹರೆಯದಲ್ಲಿಯೇ ಪೋಲಿಯೋ ರೋಗಕ್ಕೆ ತುತ್ತಾಗಿ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಕಳೆದು, 1966ರಲ್ಲಿ ಲಾಸ್ ಏಂಜಲೀಸಿಗೆ ಓದಲು ಹೋದರು. ಅಲ್ಲಿ ತಮ್ಮ ಸಹಾಯಕರನ್ನು ತಾವೇ ಆರಿಸಿ, ಸಂಬಳ ಕೊಟ್ಟು ಇಟ್ಟುಕೊಂಡರು. ಸಂಶೋಧನೆಗೆಂದು 1973ರಲ್ಲಿ ಸ್ವೀಡನ್ನಿಗೆ ಬಂದವರು, 1984ರಲ್ಲಿ ಸ್ಟಾಕ್‌ಹೋಮಿನಲ್ಲಿ ಇದೇ ತತ್ತ್ವದ ಮೇಲೆ ‘ಸ್ಟಿಲ್’ ಎಂಬ ಸಹಕಾರ ಸಂಘಕ್ಕೆ ಅಡಿಪಾಯ ಹಾಕಿದರು. ಸೇವೆ ಪಡೆಯುವವರೇ ಅದರ ಒಡೆಯರು.

ಇಲ್ಲಿ ವಾಚಕರಿಗೆ ಒಂದು ಸಂದೇಹ ಹುಟ್ಟುವುದು ಸಹಜ. ರಾಟ್ಸ್ಕ ಅವರು ವಿದ್ಯಾವಂತರು, ಮಾತುಬಲ್ಲವರು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕುಂಠಿತವಾಗಿ, ಮಾತೂ ಬಾರದವರ ಗತಿಯೇನು? ಅವರು ಯಾರನ್ನು ಆರಿಸಿಯಾರು, ಯಾರಿಗೆ ಅಪ್ಪಣೆ ಕೊಟ್ಟಾರು?

ಇದಕ್ಕೆ ಉತ್ತರವಾಗಿ 1992ರಲ್ಲಿ ಅದೇ ದೇಶದಲ್ಲಿ ಇನ್ನೊಂದು ಸಂಘ ಹುಟ್ಟಿತು. ಬುದ್ಧಿಯ ಕುಂದಿನೊಡನೆ ದೇಹದ ತೀವ್ರ ವಿಕಲತೆಯೂ ಕೂಡಿದವರು ಅದರ ಸದಸ್ಯರು. ಸಮಾನತೆ, ಸಹಾಯ, ಸಮುದಾಯ ಎಂಬರ್ಥದ ಮೂರು ಸ್ವೀಡಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ಸಂಘದ ಹೆಸರಾಗುತ್ತದೆ. ಆ ಹೆಸರಿಗೆ ಸ್ವೀಡಿಷ್ ಭಾಷೆಯಲ್ಲಿ ‘ನಾನು’ ಎಂದೇ ಅರ್ಥ!

1994ರ ಜನವರಿ 1ರಂದು ಜಾರಿಗೆ ಬಂದ ಕಾನೂನು ಈ ‘ನಾನು’ವಿಗೆ ಬಲ ಕೊಟ್ಟಿತು. ಸ್ನಾನ, ಊಟ, ಉಡುಪು ಮೊದಲಾದ ಮೂಲ ಅಗತ್ಯಗಳಿಗೆ ವಾರಕ್ಕೆ 20 ಗಂಟೆಗಳಿಗಿಂತ ಹೆಚ್ಚು ಸಹಾಯ ಬೇಕಾದವರಿಗೆ ಸರ್ಕಾರದ ಸಾಮಾಜಿಕ ವಿಮೆ ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತದೆ. ಅದಕ್ಕೆ ಕಡಿಮೆಯಾದರೆ ಹೊಣೆ ಪುರಸಭೆಯದು. ಆ ಹಣದಿಂದ ಸಹಾಯಕರನ್ನು ನೇರವಾಗಿ ನೇಮಿಸಿಕೊಳ್ಳಬಹುದು. ಸಂಘದ ಮೂಲಕವೂ ಪಡೆಯಬಹುದು. ಬುದ್ಧಿಯ ಕುಂದುಳ್ಳವರನ್ನು ಕೂಡಿಹಾಕುತ್ತಿದ್ದ ದೊಡ್ಡ ದೊಡ್ಡ ಆಶ್ರಯಗಳನ್ನು 1999ರ ಕೊನೆಯೊಳಗೆ ಮುಚ್ಚಬೇಕೆಂದು 1997ರಲ್ಲಿ ಇನ್ನೊಂದು ಕಾನೂನಾಯಿತು.

ಮಾತಿಲ್ಲದವರ ಇಚ್ಛೆ ತಿಳಿಯುವುದು ಹೇಗೆ? ಹಸುಳೆಯ ಅಳುವಿನಲ್ಲಿಯೇ ಹಸಿವೆ ಯಾವುದು, ನಿದ್ದೆ ಯಾವುದು ಎಂದು ತಾಯಿ ಗುರುತಿಸುವುದಿಲ್ಲವೆ? ಒಬ್ಬರನ್ನು ಕಂಡು ಕಣ್ಣು ಅರಳುತ್ತದೆ, ಇನ್ನೊಬ್ಬರು ಮುಟ್ಟಿದರೆ ಮೈ ಬಿಗಿಯುತ್ತದೆ. ಇದೂ ಆಯ್ಕೆಯೇ. ಆದ್ದರಿಂದ ಈ ಸಂಘದಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಅವನನ್ನು ಬಲ್ಲ ‘ಸೇವಾ ಹೊಣೆಗಾರ’ನೊಬ್ಬನಿರುತ್ತಾನೆ. ಸಹಾಯಕರಿಗೆ ದಾರಿ ತೋರಿಸುವುದು, ಅವರಲ್ಲೊಬ್ಬರು ಬಾರದಿದ್ದರೂ ಸದಸ್ಯನು ಅನಾಥನಾಗದಂತೆ ನೋಡುವುದು ಅವನ ಕರ್ತವ್ಯ. ಹೊಣೆಗಾರನು ತನ್ನ ಇಷ್ಟವನ್ನೇ ಸದಸ್ಯನ ಇಷ್ಟವೆಂದು ಸಾರುವ ಅಪಾಯ ಇಲ್ಲದಿಲ್ಲ. ಆದರೆ ಕೇಳುವವರೇ ಇಲ್ಲದ ಕಡೆ ಆ ಅಪಾಯ ಇನ್ನೂ ಹೆಚ್ಚಲ್ಲವೆ?

ಅಲ್ಲಿಯೂ ಎಲ್ಲವೂ ಸುಗಮವಲ್ಲ. 2009ರಲ್ಲಿ ಅಲ್ಲಿನ ಆಡಳಿತ ವಿಷಯಗಳ ಸರ್ವೋಚ್ಚ ನ್ಯಾಯಪೀಠ ಮೂಲ ಅಗತ್ಯಗಳಿಗೆ ಸಂಕುಚಿತ ಅರ್ಥವನ್ನು ಕೊಟ್ಟ ಮೇಲೆ ಅಳತೆ ಬಿಗಿಯಾಯಿತು. ಬೊಕ್ಕಸದ ಕೈ ಹಿಂದೆಗೆದಂತೆ ಸ್ವಾತಂತ್ರ್ಯದ ಗಂಟೆಗಳೂ ಕುಗ್ಗುತ್ತವೆ.

ನಮ್ಮಲ್ಲಿ ಈ ಹೊರೆಯನ್ನು ಹೊತ್ತವಳು ತಾಯಿ. ‘ನಮ್ಮ ತರುವಾಯ ಇವನಿಗೆ ಯಾರು?’ ಎಂಬ ಚಿಂತೆ ಅದೆಷ್ಟೋ ಮನೆಗಳ ನಿದ್ದೆಗೆಡಿಸಿದೆ. ವೈಯಕ್ತಿಕ ಸಹಾಯದ ಮಾತನ್ನು ಒಳಗೊಂಡ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. 2016ರ ನಮ್ಮ ಕಾಯಿದೆಯೂ ಹೆಚ್ಚಿನ ಆಸರೆ ಬೇಕಾದವರು ಅರ್ಜಿ ಸಲ್ಲಿಸಬಹುದೆನ್ನುತ್ತದೆ, ಪಾಲಕರ ಭತ್ಯೆಯನ್ನೂ ಹೆಸರಿಸುತ್ತದೆ. ಆದರೆ ‘ಇಂತಿಷ್ಟು ಗಂಟೆಗಳ ಸಹಾಯ ನಿನ್ನ ಹಕ್ಕು’ ಎಂದು ಹೇಳುವುದಿಲ್ಲ. ಆ ಮಾತು ಕಾಯಿದೆಯಲ್ಲಿ ಸೇರುವವರೆಗೆ ತಾಯಿಯ ನಿದ್ದೆ ಮರಳದು.

‘ನಾನು’ ಹೋದರೆ ವೈಕುಂಠಕ್ಕೆ ಹೋದೇನೆಂದು ಕನಕದಾಸರು ಗುರುಗಳಿಗೆ ಉತ್ತರಿಸಿದ ಕಥೆ ನಮಗೆಲ್ಲ ಪರಿಚಿತ. ಆದರೆ ತೊರೆಯುವುದಕ್ಕಾದರೂ ‘ನಾನು’ ಎಂಬುದು ಮೊದಲು ತನ್ನದಾಗಿರಬೇಡವೆ? ಅದನ್ನು ಕಾನೂನೇ ಕೊಡಲೆಂದು ಕಾಯಬೇಕಾಗಿಲ್ಲ. ಇಂಥ ಮಗನೋ ಮಗಳೋ ಇರುವ ಮನೆಯಲ್ಲಿ ನಾಳೆ ಬೆಳಗ್ಗೆ ಎರಡು ಅಂಗಿಗಳನ್ನು ಮುಂದೆ ಹಿಡಿಯಿರಿ. ಕಣ್ಣು ಯಾವುದರತ್ತ ಹೊರಳುವುದೋ ನೋಡಿರಿ. ಉತ್ತರ ತಡವಾದರೂ ಕಾಯಿರಿ.