ಸ್ಥೂಲಕಾಯವೂ ಮನೋಬಲವೂ

ಈಚೆಗೆ ಒಂದು ಆರೋಗ್ಯ ಶಿಬಿರದ ಸಮಾರೋಪದಲ್ಲಿ ಮಾತನಾಡಿದ ವಿದ್ವಾಂಸರೊಬ್ಬರು, ಬೊಜ್ಜು ಬರುವುದು ಮನಸ್ಸು ದುರ್ಬಲವಾದವರಿಗೆ ಮಾತ್ರವೆಂದೂ, ಬಾಯಿಗೊಂದು ಬೀಗ ಹಾಕಿದರೆ ಮೈ ತಾನಾಗಿ ಇಳಿಯುವುದೆಂದೂ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಸ್ಥೂಲಕಾಯದ ತರುಣಿಯೊಬ್ಬಳು ದುಪಟ್ಟಾವನ್ನು ಹೊಟ್ಟೆಯ ಮೇಲಕ್ಕೆ ಎಳೆದುಕೊಂಡು ತಲೆ ತಗ್ಗಿಸಿದಳು. ಆ ಮಾತು ಸುಳ್ಳೆಂದೂ, ನಿರಪಾಯಕಾರಿಯಾದ ಸುಳ್ಳೂ ಅಲ್ಲವೆಂದೂ ನಾನು ನಂಬಿದ್ದೇನೆ. ಮನಸ್ಸು ದೇಹದ ಹೊರಗೆ ನಿಂತು ಅದನ್ನಾಳುವ ಒಡೆಯನಲ್ಲ. ಹಸಿವು, ನಿದ್ರೆ, ಶೋಕ, ಸೇವಿಸಿದ ಔಷಧ ಇವೆಲ್ಲವೂ ಸಂಕಲ್ಪವೆಂದು ನಾವು ಕರೆಯುವ ಶಕ್ತಿಯ ಒಳಹೊಕ್ಕು ಅದನ್ನು ಏರಿಸುತ್ತಲೂ ಇಳಿಸುತ್ತಲೂ ಇರುತ್ತವೆ.

ಮನೋಬಲದ ಮಹಿಮೆಯನ್ನು ಸಾರುವವರು 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞನು ಆರಂಭಿಸಿದ ಪ್ರಯೋಗವನ್ನು ಅವಶ್ಯವಾಗಿ ತಿಳಿಯತಕ್ಕದ್ದು. ಯುದ್ಧದಿಂದ ಜರ್ಜರಿತವಾದ ಯುರೋಪಿನ ಕ್ಷುಧಾರ್ತರಿಗೆ ಮರಳಿ ಅನ್ನವಿಕ್ಕುವ ಕ್ರಮವೇನೆಂಬುದನ್ನು ಅರಿಯುವುದು ಅವನ ಉದ್ದೇಶವಾಗಿತ್ತು. ಅದಕ್ಕಾಗಿ ಆಯ್ಕೆಯಾದ 36 ಮಂದಿ ತರುಣರು, ಕೊಲ್ಲುವುದು ಪಾಪವೆಂಬ ಶ್ರದ್ಧೆಯಿಂದ, ದೇಶಕ್ಕೆ ದೇಶವೇ ಯುದ್ಧೋತ್ಸಾಹದಲ್ಲಿದ್ದಾಗಲೂ ಆಯುಧ ಹಿಡಿಯಲೊಲ್ಲದೆ ನಿಂತವರು. ಇವರಿಗಿಂತ ದೃಢಚಿತ್ತರಾದವರನ್ನು ಎಲ್ಲಿ ಹುಡುಕೋಣ? 24 ವಾರಗಳ ಕಾಲ ಅವರಿಗೆ ಮೊದಲಿನ ಆಹಾರದ ಸುಮಾರು ಅರ್ಧದಷ್ಟನ್ನು, ಅದೂ ಬಹುಮಟ್ಟಿಗೆ ಆಲೂಗಡ್ಡೆ, ಬ್ರೆಡ್ಡು, ಮ್ಯಾಕರೋನಿಗಳ ರೂಪದಲ್ಲಿ ಕೊಟ್ಟು, ವಾರಕ್ಕೆ 22 ಮೈಲಿ ನಡೆಸಿದರು. ಮೈತೂಕದ ಕಾಲುಭಾಗ ಕರಗುವ ಹೊತ್ತಿಗೆ ಆ ದೃಢಚಿತ್ತರು ವಿಷಣ್ಣರೂ ಮುಂಗೋಪಿಗಳೂ ಆಗಿದ್ದರು. ಸ್ನೇಹ, ಪ್ರಣಯ, ಲೋಕವಾರ್ತೆ ಯಾವುದೂ ಬೇಡವಾಗಿ, ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿ ಓದುತ್ತಿದ್ದರು. ಉಂಡ ತಟ್ಟೆಯನ್ನು ನೆಕ್ಕುತ್ತಿದ್ದರು. ಅವರಲ್ಲೊಬ್ಬನು ಕೊಡಲಿಯಿಂದ ತನ್ನ ಕೈಬೆರಳುಗಳನ್ನು ಕಡಿದುಕೊಂಡು, ಅದು ಅಕಸ್ಮಾತ್ತಾಗಿ ಆದುದೋ ಬೇಕೆಂದೇ ಮಾಡಿಕೊಂಡುದೋ ತನಗೇ ತಿಳಿಯದೆಂದನು. ಯಥೇಷ್ಟವಾಗಿ ಉಣ್ಣಲು ಬಿಟ್ಟ ಮೇಲೆ ಹಲವರು ಹೊಟ್ಟೆ ಬಿರಿಯುವಂತೆ ತಿಂದೂ ತೃಪ್ತಿ ಕಾಣದೆ, ಮೊದಲಿಗಿಂತ ಹೆಚ್ಚು ಕೊಬ್ಬನ್ನು ಮೈಗೂಡಿಸಿಕೊಂಡರು. ಅವರು ಸ್ಥೂಲಕಾಯರಾಗಿರಲಿಲ್ಲ, ನಿಜ. ಆದರೆ ಹಸಿವು ಮನಸ್ಸಿಗೆ ಏನು ಮಾಡಬಲ್ಲುದೆಂಬುದನ್ನು ಅವರಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟವರು ವಿರಳ. ವರ್ಷಕ್ಕೆರಡು ಬಾರಿ ಪಥ್ಯವೆಂದು ಅರೆಹೊಟ್ಟೆ ಉಂಡು, ಕಡೆಗೆ ಸೋತು, ಸೋತೆನೆಂದು ಕುಗ್ಗುವ ನಮ್ಮ ಅಕ್ಕತಂಗಿಯರ ಮೇಲೆ ದುರ್ಬಲರೆಂಬ ಆರೋಪ ಹೊರಿಸುವ ಮುನ್ನ ಆ 36 ಮಂದಿಯನ್ನು ನೆನೆಯುವುದು ನ್ಯಾಯ.

ಬೊಜ್ಜು ಮೊದಲೋ ಖಿನ್ನತೆ ಮೊದಲೋ ಎಂದು ಕೇಳುವವರಿಗೆ, ದೀರ್ಘಕಾಲದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ 2010ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಉತ್ತರ ಕೊಟ್ಟಿದೆ: ಸ್ಥೂಲಕಾಯರಿಗೆ ಮುಂದೆ ಖಿನ್ನತೆ ತಲೆದೋರುವ ಸಂಭವ ಶೇಕಡಾ 55ರಷ್ಟು ಹೆಚ್ಚು, ಖಿನ್ನತೆಯುಳ್ಳವರು ಮುಂದೆ ಸ್ಥೂಲಕಾಯರಾಗುವ ಸಂಭವ ಶೇಕಡಾ 58ರಷ್ಟು ಹೆಚ್ಚು.

ಇನ್ನು ಮನೋರೋಗಕ್ಕೆ ಕೊಡುವ ಔಷಧಗಳ ಮಾತು. ಒಲಾಂಜಪೀನ್, ಕ್ಲೋಜಪೀನ್ ಮೊದಲಾದವು ಭ್ರಾಂತಿಯನ್ನು ಶಮನಗೊಳಿಸುವುದರ ಜೊತೆಗೆ ಹಸಿವನ್ನು ಕೆರಳಿಸುತ್ತವೆ. ಕಿವಿಯೊಳಗಿನ ಧ್ವನಿಗಳು ಅಡಗಿ ಮಗನು ಮತ್ತೆ ಮನುಷ್ಯರೊಡನೆ ಮಾತನಾಡುವಂತಾದನೆಂದು ಹಿಗ್ಗಿದ ತಾಯಿಯೇ, ಕೆಲವು ತಿಂಗಳು ಕಳೆದು ಅವನ ಪ್ಯಾಂಟುಗಳೊಂದೂ ಸೊಂಟಕ್ಕೇರದಾದಾಗ, ನಡುರಾತ್ರಿ ಎದ್ದು ತಂಗಳನ್ನಕ್ಕೆ ಮೊಸರು ಕಲಸಿಕೊಂಡು ಕುಳಿತವನನ್ನು ಕಂಡು, "ಎಷ್ಟೋ ತಿನ್ನೋದು, ಕೆಲಸವಿಲ್ಲ ಕಾರ್ಯವಿಲ್ಲ" ಎಂದು ಹಂಗಿಸುತ್ತಾಳೆ. ಅವನು ಮಾತ್ರೆ ಬಿಡುತ್ತಾನೆ, ಧ್ವನಿಗಳು ಮರಳುತ್ತವೆ. ಮೈ ಬೆಳೆದುದಕ್ಕೆ ಮಾತ್ರೆಯೂ ಕಾರಣವಿರಬಹುದೆಂದು ಯಾರಾದರೂ ಆ ತಾಯಿಗೆ ಮೊದಲೇ ತಿಳಿಹೇಳಿದ್ದರೆ, ಮಾತ್ರೆ ಬಿಡುವ ಬದಲು ವೈದ್ಯರ ಬಳಿಗೆ ಹೋಗಿ ಬೇರೆ ಔಷಧವುಂಟೇ ಎಂದು ಕೇಳುವ ದಾರಿಯಾದರೂ ತೆರೆದಿರುತ್ತಿತ್ತು.

ನಾನು ಗೌರವಿಸುವ ಆಕ್ಷೇಪವೊಂದುಂಟು. ಎಲ್ಲವನ್ನೂ ದೇಹದ ಮೇಲೆ ಹೊರಿಸಿದರೆ ಪುರುಷಪ್ರಯತ್ನಕ್ಕೆ ಎಡೆಯೆಲ್ಲಿ, ರೋಗಿ ಕೈಚೆಲ್ಲಿ ಕೂಡುವುದಿಲ್ಲವೇ ಎಂದು ಕೇಳುವ ವೈದ್ಯರು ಕಲ್ಪಿತ ಭಯವನ್ನು ಆಡುತ್ತಿಲ್ಲ. ಕೈಚೆಲ್ಲಿದರೆ ಅಪಾಯ ನಮಗೇ ಹೆಚ್ಚು: ಭಾರತೀಯರಿಗೆ ಕಡಿಮೆ ತೂಕದಲ್ಲೇ ಮಧುಮೇಹ ಅಂಟಿಕೊಳ್ಳುವುದರಿಂದಲೇ, ದೇಹತೂಕದ ಸೂಚ್ಯಂಕ ಅನ್ಯರಲ್ಲಿ 30 ದಾಟಿದರೆ ಸ್ಥೂಲಕಾಯವೆಂದೆಣಿಸುವಾಗ, ನಮ್ಮಲ್ಲಿ 25ಕ್ಕೇ ಎಚ್ಚರಿಸುತ್ತಾರೆ. ಪ್ರಯತ್ನ ಬೇಕು, ನಿತ್ಯದ ನಡಿಗೆ ತೂಕಕ್ಕಿಂತ ಮೊದಲು ಮನಸ್ಸಿನ ಭಾರವನ್ನು ಇಳಿಸುವುದೂ ಉಂಟು. ಆದರೆ ನಿದ್ರೆಯಿಲ್ಲದವನಿಂದ, ಬೆಳಗ್ಗೆ ಹಾಸಿಗೆಯಿಂದೇಳುವುದೇ ಪರ್ವತವಾದವನಿಂದ ಪ್ರಯತ್ನವನ್ನು ಅಪೇಕ್ಷಿಸುವವರು ಮೊದಲು ಅವನ ವ್ಯಾಧಿಗೆ ಚಿಕಿತ್ಸೆ ಮಾಡಿಸಲಿ. ನಾಚಿಕೆಪಡಿಸಿದರೆ ದಾರಿಗೆ ಬರುತ್ತಾರೆಂಬ ವಾದಕ್ಕೆ, ನಾಚಿದವನು ನಡೆಯಲು ಬೀದಿಗಿಳಿಯುವುದಿಲ್ಲವೆಂಬ ಉತ್ತರ ಸಾಕು.

ಬೊಜ್ಜಿನ ಹಿಂದಿನ ನೋವು ಕೇಳದೆ ತಿಳಿಯುವುದಿಲ್ಲವೆಂಬುದಕ್ಕೊಂದು ನಿದರ್ಶನವುಂಟು. 1980ರ ದಶಕದಲ್ಲಿ ಸ್ಯಾನ್ ಡಿಯಾಗೋದ ವೈದ್ಯ ವಿನ್ಸೆಂಟ್ ಫೆಲಿಟ್ಟಿ ತಮ್ಮ ತೂಕ ಇಳಿಸುವ ಚಿಕಿತ್ಸಾಲಯದಲ್ಲಿ ಒಂದು ವಿಚಿತ್ರವನ್ನು ಕಂಡರು: ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟುಹೋದವರಲ್ಲಿ ಅನೇಕರು ಚೆನ್ನಾಗಿ ಇಳಿಯುತ್ತಿದ್ದವರೇ. ಅವರನ್ನು ಕರೆಸಿ ಕೇಳಿದಾಗ, ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ತುತ್ತಾದವರು ಒಬ್ಬರ ಹಿಂದೊಬ್ಬರಂತೆ ದೊರೆತರು. ಕೆಲವರಿಗೆ ಬೊಜ್ಜು ಪರರ ಕಣ್ಣಿನಿಂದ ರಕ್ಷಣೆಯಾಗಿತ್ತು, ಅದು ಕರಗಿದಂತೆಲ್ಲ ಹಳೆಯ ಭೀತಿ ಮರುಕಳಿಸುತ್ತಿತ್ತು. ಮುಂದೆ 9,500ಕ್ಕೂ ಹೆಚ್ಚು ಜನರನ್ನು ಒಳಗೊಂಡು 1998ರಲ್ಲಿ ಪ್ರಕಟವಾದ ಬಾಲ್ಯದ ಆಘಾತಗಳ ಅಧ್ಯಯನಕ್ಕೆ ಇದೇ ಬೀಜವಾಯಿತು. ಆದುದರಿಂದ ನಮ್ಮ ಆಸ್ಪತ್ರೆಗಳು ದೇಹ ಮನಸ್ಸುಗಳೆರಡನ್ನೂ ಒಟ್ಟಿಗೆ ನೋಡಲಿ. ಮನೋರೋಗದ ಔಷಧವನ್ನು ಆರಂಭಿಸುವ ದಿನವೇ ರೋಗಿಯ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆಗಳನ್ನು ತಪ್ಪದೆ ಬರೆದಿಡಲಿ. ತೂಕ ಇಳಿಸಬೇಕೆಂದು ಬಂದವರನ್ನು, ಪಥ್ಯದ ಚೀಟಿ ಕೈಗಿಡುವುದಕ್ಕೆ ಮೊದಲು, ನಿದ್ರೆ ಹೇಗಿದೆ, ಮನೆಯಲ್ಲಿ ಹೇಗಿದ್ದೀರಿ, ಮೈ ಬೆಳೆಯತೊಡಗಿದ ವರ್ಷ ಏನು ನಡೆಯಿತು ಎಂದು ಬಾಗಿಲು ಮುಚ್ಚಿ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಕೇಳಲಿ.