ಒಂದೇ ಡಬ್ಬಿಯ ಕುದುರೆಗಳು

ನವರಾತ್ರಿಗೆ ಜಯನಗರ, ಬನಶಂಕರಿಯ ನಮ್ಮ ಮನೆಗಳಲ್ಲಿ ಗೊಂಬೆಗಳು ಅಟ್ಟದಿಂದ ಇಳಿಯುತ್ತವೆ. ಜಂಬೂಸವಾರಿ ಸಾಲಿನ ಕುದುರೆಗಳಿಗೆ ಬಣ್ಣ ಹೋಗಿರುತ್ತದೆ. ಆಗ ಮನೆಯವರು ಕಿಟಕಿಗೆ ಬಳಿದು ಮಿಕ್ಕ ಎನಾಮಲ್ ಡಬ್ಬಿ ತಂದಿಟ್ಟು, "ಗೊಂಬೆ ತಾನೆ, ಇದನ್ನೇ ಬಳಿ" ಎನ್ನುತ್ತಾರೆ. ನಾನಂತೂ ಒಪ್ಪುವುದಿಲ್ಲ.

ಪರದೇಶಗಳಲ್ಲಿ ಗಂಡಸರು ಯುದ್ಧದಾಟದ ಬೆರಳುದ್ದದ ಕುದುರೆಗೆ ಪದರ ಪದರವಾಗಿ ಬಣ್ಣ ಹಚ್ಚುತ್ತಾರೆ. ಎಚ್. ಜಿ. ವೆಲ್ಸ್ 1913ರಲ್ಲೇ ಅಂಥ ಆಟಕ್ಕೆ ನಿಯಮಗಳ ಪುಸ್ತಕ ಬರೆದ. ಅವರು ಮಾಡಿದರೆ ಹವ್ಯಾಸ, ನಾವು ಮಾಡಿದರೆ ಕಾಲಹರಣವೆ? ನಾಲ್ಕನೇ ಬ್ಲಾಕಿನಲ್ಲಿ ಒಂದು ರವಿಕೆ ತುಂಡಿಗಾಗಿ ಆರು ಅಂಗಡಿ ಹತ್ತಿಳಿಯುವ ನಮಗೆ ಕಂದಿನಲ್ಲಿ ಎಷ್ಟು ಬಗೆಯೆಂದು ಯಾರೂ ಹೇಳಿಕೊಡಬೇಕಿಲ್ಲ.

ಕುದುರೆಯನ್ನು ಕಣ್ಣಾರೆ ನೋಡಿ ಬಳಿಯಬೇಕು, ಅಷ್ಟೆ. ಮೈ ಕೆಂಗಂದಾಗಿ, ಜೂಲು, ಬಾಲ, ಮೊಣಕಾಲಿನ ಕೆಳಗೆ ಕಪ್ಪಿರುವುದು ಒಂದು ಬಗೆ. ಜೂಲೂ ಬಾಲವೂ ಮೈಯ ಕೆಂಪನ್ನೇ ಹೋಲುವುದು ಇನ್ನೊಂದು. ಅದಕ್ಕೆ ಕಪ್ಪು ಜೂಲು ಬಳಿದರೆ ಕೆಟ್ಟಿತು. ನಾವು ಬಿಳಿ ಎನ್ನುವ ಕುದುರೆ ಹೆಚ್ಚಾಗಿ ಹುಟ್ಟುವಾಗ ಕಡುಬಣ್ಣದ ಮರಿ. ವರ್ಷ ಕಳೆದಂತೆ ನಮ್ಮ ತಲೆಯ ಹಾಗೆ ನರೆಯುತ್ತದೆ. ಕೂದಲು ಬೆಳ್ಳಗಾದರೂ ಚರ್ಮ ಕಪ್ಪೇ. ಅದಕ್ಕೇ ಮೂತಿಗೂ ಕಣ್ಣಂಚಿಗೂ ಬೂದುಬಣ್ಣ ಮುಟ್ಟಿಸಬೇಕು. ಕರಿಕುದುರೆಯ ಕಪ್ಪಿಗೂ ತುಸು ಕಂದು ಬೆರೆಯಲಿ. ಎನಾಮಲ್ಲಿನ ಹೊಳಪಂತೂ ಬೇಡವೇ ಬೇಡ. ಬಾಣಲೆಯಿಂದ ತೆಗೆದ ಬೋಂಡದಂತೆ ಕಾಣುತ್ತದೆ.

ಚನ್ನಪಟ್ಟಣದ ಅರಗಿನ ಕುದುರೆ ಕೆಂಪೋ ಹಳದಿಯೋ ಇರಲಿ, ಅದು ಮಗು ಉರುಳಿಸುವ ಕುದುರೆ. ಮೆರವಣಿಗೆಯ ಸಾಲು ಬೇರೆ. ಅಲ್ಲಿ ನಾಲ್ಕು ಕಾಲೂ ಮುಖವೂ ಬೆಳ್ಳಗಿರುವ ಪಂಚಕಲ್ಯಾಣಿ ಒಂದಿದ್ದರೆ ಸಾಕು. ಎಲ್ಲಕ್ಕೂ ಬಿಳಿ ಕಾಲುಚೀಲ ತೊಡಿಸಬೇಡಿ.