ಚೊಂಬಿನ ಚೆಲುವು

ಮನೆಯ ಅಂದವೆಂದರೆ ಪೇಟೆಯಿಂದ ಕೊಂಡುತಂದ ಅಲಂಕಾರವೆಂಬ ಭಾವನೆ ಬಹುಜನರಲ್ಲಿ ಬೇರೂರಿದೆ. ಪಿಂಗಾಣಿಯ ಬೊಂಬೆಗಳು ಹಜಾರದ ಗಾಜಿನ ಕಪಾಟನ್ನೇರುತ್ತವೆ. ಅಜ್ಜಿಯ ಕಾಲದ ಹಿತ್ತಾಳೆಯ ಚೊಂಬು ಅಟ್ಟ ಸೇರುತ್ತದೆ. ಇದು ಅವಿವೇಕವೇ ಸರಿ.

ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್, 1958ರ ತಮ್ಮ ವರದಿಯಲ್ಲಿ, ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಬಹುಶಃ ಅತ್ಯಂತ ಸುಂದರವಾದುದೆಂದು ಕೊಂಡಾಡಿದ್ದು ಈ ಚೊಂಬನ್ನೇ. (ಅವರು ಬಳಸಿದ ಹೆಸರು 'ಲೋಟಾ', ಕನ್ನಡದ ಲೋಟ ಬೇರೆ.) ತುಂಬಿದಾಗ ಭಾರವೆಷ್ಟು, ಸೊಂಟದ ಮೇಲೆ ಹೇಗೆ ಕುಳಿತೀತು, ಬಗ್ಗಿಸಿದರೆ ನೀರು ಹೇಗೆ ಸುರಿದೀತು, ಕಣ್ಣು ಮುಚ್ಚಿ ಮುಟ್ಟಿದರೆ ಹಿತವೆನಿಸೀತೆ, ಕಲ್ಲಿನ ಮೇಲಿಟ್ಟಾಗ ಸದ್ದು ಎಂತಹುದು, ಬಳಸಿ ಸವೆದ ಮೇಲೆ ಲೋಹಕ್ಕೆ ಬೆಲೆಯುಂಟೆ ಎಂದೆಲ್ಲ ಅವರು ವಿಚಾರಿಸಿದರು. ಯಾವನೊಬ್ಬನೂ ಕುಳಿತು ಇದನ್ನು ರೂಪಿಸಿರಲಾರ. ತಲೆಮಾರುಗಳ ಕೈಗಳು ತಿದ್ದಿದ ಆಕಾರವಿದು ಎಂಬುದು ಅವರ ನಿರ್ಣಯ. ಆ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಬಚ್ಚಲುಮನೆಯಲ್ಲಿ ಚೊಂಬಿನ ಸ್ಥಾನವನ್ನು ಈಗ ಪ್ಲಾಸ್ಟಿಕ್ಕಿನ ಮಗ್ಗು ಆಕ್ರಮಿಸಿದೆ. ಅದು ಹಗುರ, ಅಗ್ಗ, ಒಪ್ಪತಕ್ಕದ್ದೇ. ಆದರೆ ಒಮ್ಮೆ ಸೀಳಿತೆಂದರೆ ತಿಪ್ಪೆಗೇ ಹೋಗಬೇಕು. ಹಳೆಯ ಹಿತ್ತಾಳೆಯನ್ನಾದರೋ ಕಂಚುಗಾರನು ತೂಗಿ, ಕರಗಿಸಿ, ಮತ್ತೊಂದು ಚೊಂಬು ಮಾಡಬಲ್ಲನು.